ಪಾಸಿಟ್ರಾನ್ ಕೂಡಿಡುವ ಬಗೆ: ಒಂದು ಪಾಠ

ವಿಜ್ಞಾನದ ವಿದ್ಯಾರ್ಥಿ ನಾನಲ್ಲ. ವಾಣಿಜ್ಯ ಓದುವವನು. ಜಮೆ-ಖರ್ಚಿನ ಎರಡೂ ಬದಿ ಸರಿಹೊಂದಿದರೆ ಆ ದಿನ ಸುಖವಾಗಿ ನಿದ್ದೆ ಮಾಡುವವನು. ಹತ್ತನೆಯ ಇಯತ್ತೆಯವರೆಗೆ ಇಂಡಿ ತಾಲೂಕಿನ ನಮ್ಮೂರಲ್ಲಿ ಕನ್ನಡ ಮಾಧ್ಯಮದಲ್ಲೇ ಕಲಿತೆ. ಮುಂದೆ ಓದಲು ಪುಣೆಗೆ ಬಂದು, ವಿಜ್ಞಾನದ ಫಾರಂ ಕೈಯಲ್ಲಿ ಹಿಡಿದು ಸಾಲಿನಲ್ಲಿ ನಿಂತಾಗ, ಕಿಟಕಿಯಾಚೆ ಇದ್ದವರು ನನ್ನ ಅಂಕಪಟ್ಟಿ ತಿರುಗಿಸಿ ನೋಡಿ, ಊರಿನ ಭಾಷೆಯಲ್ಲಿ ಕಲಿತವರಿಗೆ ಇದು ನೀಗುವುದಿಲ್ಲ ಎಂದುಬಿಟ್ಟರು. ನಾನೂ ಎದುರು ಮಾತಾಡಲಿಲ್ಲ. ಫಾರಂ ಬದಲಿಸಿದೆ. ಹಾಗಾಗಿ ಈ ಲೇಖನ ಬರೆಯುವುದು ಒಂದು ರೀತಿ ಅಧಿಕಪ್ರಸಂಗವೇ ಸರಿ. ಆದರೂ ಬರೆಯುತ್ತಿದ್ದೇನೆ, ಕಾರಣ ನಮ್ಮ ಕಾಕಾ.

ಕಾಕಾ ಗುಲ್‌ಟೇಕಡಿಯ ಮಾರ್ಕೆಟ್ ಯಾರ್ಡಿನಲ್ಲಿ ಬಾಳೆಹಣ್ಣಿನ ವ್ಯಾಪಾರ ಮಾಡುತ್ತಾರೆ. ನಾನು ಇರುವುದು ಅವರ ಮನೆಯಲ್ಲೇ. ರಾತ್ರಿ ಅವರ ಲೆಕ್ಕ ಬರೆಯುವುದು ನನ್ನ ಕೆಲಸ. ಹೋದ ವರ್ಷ ಅವರಿಗೆ ಹುಷಾರಿಲ್ಲದೆ ಹೋಗಿ, ಡಾಕ್ಟರು ಪೆಟ್ ಸ್ಕ್ಯಾನ್ ಮಾಡಿಸಲು ಬರೆದುಕೊಟ್ಟರು. ಬೆಳಗಿನ ಜಾವದಿಂದ ಏನೂ ತಿನ್ನದೆ ಆಸ್ಪತ್ರೆಯಲ್ಲಿ ಕುಳಿತೆವು. ಹತ್ತು ಹೊಡೆಯಿತು, ಹನ್ನೊಂದಾಯಿತು, ಕರೆಯಲೇ ಇಲ್ಲ. ವಿಚಾರಿಸಿದರೆ, ಚುಚ್ಚುವ ಔಷಧ ಮುಂಬಯಿ ಕಡೆಯಿಂದ ಬರಬೇಕು, ಗಾಡಿ ಘಾಟಿನಲ್ಲಿ ಸಿಕ್ಕಿಬಿದ್ದಿದೆ ಎಂದರು. ಮಧ್ಯಾಹ್ನಕ್ಕೆ ಔಷಧ ಬಂತು. ಆದರೆ ಬಂದದ್ದು ಎಲ್ಲರಿಗೂ ಸಾಲುವಷ್ಟು ಉಳಿದಿಲ್ಲ, ಕೊನೆಯ ಇಬ್ಬರು ನಾಳೆ ಬನ್ನಿ ಎಂದರು. ಆ ಇಬ್ಬರಲ್ಲಿ ಒಬ್ಬರು ಕಾಕಾ.

"ಸೀಸೆ ಮುಚ್ಚೇ ಐತಿ, ಒಂದು ಹನಿ ಚೆಲ್ಲಿಲ್ಲ. ಮತ್ತ ಹ್ಯಾಂಗ ಕಡಿಮಿ ಆತು?" ಎಂದು ಕಾಕಾ ನನ್ನನ್ನು ಕೇಳಿದರು.

"ಅದು ತಾನೇ ಕರಗತದಂತ ಕಾಕಾ. ಅದರೊಳಗಿಂದ ಪಾಸಿಟ್ರಾನ್ ಅನ್ನೋ ಕಣ ಹೊರಗ ಬರ್ತಾವಂತ. ಬಂದ ಕೂಡಲೇ ಅವು ನಾಶ ಆಗ್ತಾವ."

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಬಾಳಿಹಣ್ಣಿಗಿಂತ ಲಗೂ ಕೆಡೂ ಮಾಲು ಇದು. ಅಲ್ಲೋ ತಮ್ಮಾ, ಆ ಕಣಾನ ಹಿಡದು ಒಂದು ಡಬ್ಬಿಯೊಳಗ ಕೂಡಿಡಾಕ ಬರೂದಿಲ್ಲೇನು?" ಎಂದರು.

ನನಗೆ ಉತ್ತರ ಗೊತ್ತಿರಲಿಲ್ಲ. ವಿಜ್ಞಾನ ಓದುವ ನಮ್ಮ ಬಳಗದ ಗೆಳೆಯನೊಬ್ಬನನ್ನು ಕೇಳಿದೆ. ಅವನು, "ಬರುತ್ತೆ, ಆದರೆ ಅದನ್ನೆಲ್ಲ ಕನ್ನಡದಲ್ಲಿ ಹೇಳೋಕಾಗಲ್ಲ ಬಿಡೋ" ಅಂದ. ಮೊದಲ ಸಲ ಕಿಟಕಿಯ ಮುಂದೆ ಸುಮ್ಮನಿದ್ದೆ. ಈ ಸಲ ಸುಮ್ಮನಿರಬಾರದು ಅನ್ನಿಸಿತು. ಗ್ರಂಥಾಲಯದಲ್ಲಿ ಕುಳಿತು, ಅದೇ ಗೆಳೆಯನ ತಲೆ ತಿಂದು, ನನಗೆ ತಿಳಿದದ್ದನ್ನು ಪಾಠದ ರೂಪದಲ್ಲಿ ಇಲ್ಲಿ ಇಟ್ಟಿದ್ದೇನೆ.

೧. ಧನ ಮತ್ತು ಋಣ

ಎಲೆಕ್ಟ್ರಾನ್ ನಮಗೆಲ್ಲ ಗೊತ್ತು. ಪ್ರತಿಯೊಂದು ಪರಮಾಣುವಿನಲ್ಲೂ ಇರುವ ಹಗುರ ಕಣ. ಅದರ ವಿದ್ಯುದಂಶ ಋಣ. ಪಾಸಿಟ್ರಾನ್ ಎಂಬುದು ಅದರ ಪ್ರತಿಕಣ. ತೂಕ ಅಷ್ಟೇ, ಎಲ್ಲ ಅಷ್ಟೇ, ವಿದ್ಯುದಂಶ ಮಾತ್ರ ಧನ. ನಮ್ಮ ಹಿರಿಯರು ಸಾಲಕ್ಕೂ ಸಂಪತ್ತಿಗೂ ಇಟ್ಟ ಹೆಸರುಗಳನ್ನೇ ಕನ್ನಡ ವಿಜ್ಞಾನ ವಿದ್ಯುತ್ತಿಗೂ ಬಳಸಿಕೊಂಡಿರುವುದು ನನ್ನಂಥ ವಾಣಿಜ್ಯದವನಿಗೆ ಬಹಳ ಅನುಕೂಲವಾಯಿತು.

ಧನ-ಋಣ ಕೂಡಿದರೆ ಏನಾಗಬೇಕು? ಸೊನ್ನೆ. ಪಾಸಿಟ್ರಾನ್ ಎಲೆಕ್ಟ್ರಾನನ್ನು ಸಂಧಿಸಿದಾಗ ಎರಡೂ ಇಲ್ಲವಾಗುತ್ತವೆ. ಆದರೆ ಇಲ್ಲಿ ಎಚ್ಚರ ಬೇಕು. ವಿದ್ಯುದಂಶದ ಖಾತೆ ಮಾತ್ರ ಸೊನ್ನೆಯಾಯಿತು. ತೂಕದ ಖಾತೆ ಹಾಗೆ ಚುಕ್ತಾ ಆಗುವುದಿಲ್ಲ. ಎರಡರ ತೂಕವೂ ಶಕ್ತಿಯಾಗಿ, ಸಾಮಾನ್ಯವಾಗಿ ಎರಡು ಗಾಮಾ ಕಿರಣಗಳಾಗಿ, ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಹಾರಿಹೋಗುತ್ತದೆ. ಒಂದೊಂದರ ಶಕ್ತಿ 5 ಲಕ್ಷ 11 ಸಾವಿರ ಎಲೆಕ್ಟ್ರಾನ್ ವೋಲ್ಟ್. (ಎಲೆಕ್ಟ್ರಾನ್ ವೋಲ್ಟ್ ಎಂಬುದು ಕಣಗಳ ಲೋಕದ ಚಿಲ್ಲರೆ ನಾಣ್ಯ. ಮುಂದೆಯೂ ಬರುತ್ತದೆ.)

ಇಂಥ ಕಣ ಇರಬೇಕೆಂದು 1931ರಲ್ಲಿ ಬರೆದವರು ಇಂಗ್ಲೆಂಡಿನ ಪಾಲ್ ಡಿರಾಕ್. 1928ರಲ್ಲಿ ಅವರು ಬರೆದಿದ್ದ ಸಮೀಕರಣವೇ ಅವರನ್ನು ಅಲ್ಲಿಗೆ ಒಯ್ದಿತ್ತು. 1932ರ ಆಗಸ್ಟಿನಲ್ಲಿ ಅಮೆರಿಕದ ಕಾರ್ಲ್ ಆಂಡರ್ಸನ್ ಅದನ್ನು ಫೋಟೋದಲ್ಲಿ ಹಿಡಿದರು. ಆಕಾಶದಿಂದ ಬರುವ ವಿಶ್ವಕಿರಣಗಳು ಹಾದುಹೋಗುವಾಗ ಮೋಡದ ಪೆಟ್ಟಿಗೆಯಲ್ಲಿ ಗೆರೆ ಮೂಡುತ್ತದೆ. ನಡುವೆ 6 ಮಿಲಿಮೀಟರ್ ದಪ್ಪದ ಸೀಸದ ತಗಡು ಇಟ್ಟಿದ್ದರು. ತಗಡು ದಾಟಿದ ಮೇಲೆ ಕಣ ಬಳಲಿ, ಅಯಸ್ಕಾಂತದಲ್ಲಿ ಹೆಚ್ಚು ಬಾಗುತ್ತದೆ. ಯಾವ ಬದಿ ಹೆಚ್ಚು ಬಾಗಿದೆಯೋ ಅದು ಹೊರಟುಹೋದ ಬದಿ. ದಿಕ್ಕು ತಿಳಿದ ಮೇಲೆ ಬಾಗಿದ ರೀತಿಯಿಂದ ಕಣ ಧನವೆಂದು ತಿಳಿಯಿತು. ಈ ಶೋಧಕ್ಕಾಗಿ 1936ರಲ್ಲಿ ಆಂಡರ್ಸನ್ನರಿಗೆ ನೊಬೆಲ್ ಬಂತು.

ಇದೆಲ್ಲ ಹೊರದೇಶದ ಕತೆ ಎಂದುಕೊಳ್ಳಬೇಡಿ. ಎಲೆಕ್ಟ್ರಾನಿಗೆ ಪಾಸಿಟ್ರಾನ್ ಡಿಕ್ಕಿ ಹೊಡೆದರೆ ಎರಡೂ ಹೇಗೆ ಚದುರುತ್ತವೆ ಎಂಬ ಲೆಕ್ಕವನ್ನು 1930ರ ದಶಕದಲ್ಲೇ ಕೇಂಬ್ರಿಜ್ಜಿನಲ್ಲಿದ್ದು ಮಾಡಿದವರು ನಮ್ಮ ಹೋಮಿ ಭಾಭಾ. ಇಂದಿಗೂ ಜಗತ್ತಿನ ಪ್ರಯೋಗಶಾಲೆಗಳಲ್ಲಿ ಅದಕ್ಕೆ "ಭಾಭಾ ಚದುರಿಕೆ" ಎಂದೇ ಹೆಸರು. ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಮೈಸೂರಿನ ಮಾನಸಗಂಗೋತ್ರಿಯ ಭೌತಶಾಸ್ತ್ರ ವಿಭಾಗದಲ್ಲಿ ಪಾಸಿಟ್ರಾನುಗಳನ್ನು ಪ್ಲಾಸ್ಟಿಕ್ಕಿನಂಥ ಪಾಲಿಮರ್‌ಗಳೊಳಗೆ ಕಳಿಸಿ, ಅವು ಎಷ್ಟು ಹೊತ್ತು ಬದುಕುತ್ತವೆ ಎಂದು ಅಳೆದು, ಅದರಿಂದ ಒಳಗಿನ ಅತಿ ಸಣ್ಣ ಪೊಳ್ಳುಗಳ ಗಾತ್ರ ಕಂಡುಹಿಡಿಯುವ ಸಂಶೋಧನೆ ನಡೆದಿದೆ. ಅಲ್ಲಿ ಅಳೆಯುವ ಆಯುಸ್ಸು ನ್ಯಾನೋಸೆಕೆಂಡುಗಳಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದ ಲೆಕ್ಕದಲ್ಲಿ.

ಇದೇ ನಮ್ಮ ಪಾಠದ ಕಷ್ಟ. ನಮ್ಮ ಸುತ್ತ ಇರುವ ಗಾಳಿ, ಗಾಜು, ಕಬ್ಬಿಣ, ಮೈ, ಎಲ್ಲದರಲ್ಲೂ ಎಲೆಕ್ಟ್ರಾನ್ ತುಂಬಿದೆ. ಪಾಸಿಟ್ರಾನಿಗೆ ಇಡೀ ಲೋಕವೇ ವೈರಿ. ಯಾವ ಡಬ್ಬಿಯಲ್ಲಿಟ್ಟರೂ ಡಬ್ಬಿಯ ಗೋಡೆಯೇ ಅದನ್ನು ಕೊಲ್ಲುತ್ತದೆ.

೨. ಕಾಕಾನ ಔಷಧ

ಮೊದಲು ಆಸ್ಪತ್ರೆಯ ಲೆಕ್ಕ ಮುಗಿಸೋಣ. ಅಲ್ಲಿ ಚುಚ್ಚುವುದು ಸಕ್ಕರೆಯಂಥ ಒಂದು ವಸ್ತು. ಅದಕ್ಕೆ ಫ್ಲೋರಿನ್-18 ಎಂಬ ವಿಕಿರಣಶೀಲ ಪರಮಾಣು ಅಂಟಿಸಿರುತ್ತಾರೆ. ಸೈಕ್ಲೋಟ್ರಾನ್ ಎಂಬ ಯಂತ್ರದಲ್ಲಿ ಆ ಪರಮಾಣುವನ್ನು ತಯಾರಿಸಬೇಕು. ಭಾರತದ ಮೊದಲ ವೈದ್ಯಕೀಯ ಸೈಕ್ಲೋಟ್ರಾನ್ 2002ರಲ್ಲಿ ಮುಂಬಯಿಯ ಪರೇಲಿನಲ್ಲಿ ಶುರುವಾಯಿತು. ಸಕ್ಕರೆಯನ್ನು ಹೆಚ್ಚು ತಿನ್ನುವ ಜೀವಕೋಶಗಳಲ್ಲಿ ಔಷಧ ಹೆಚ್ಚು ಸೇರುತ್ತದೆ. ಅಲ್ಲಿ ಫ್ಲೋರಿನ್ ಪಾಸಿಟ್ರಾನ್ ಉಗುಳುತ್ತದೆ, ಅದು ಮಿಲಿಮೀಟರಿನಷ್ಟು ದೂರದೊಳಗೇ ಎಲೆಕ್ಟ್ರಾನಿಗೆ ಸಿಕ್ಕಿ ನಾಶವಾಗುತ್ತದೆ. ವಿರುದ್ಧ ದಿಕ್ಕಿಗೆ ಹೊರಟ ಎರಡು ಗಾಮಾ ಕಿರಣಗಳನ್ನು ಸುತ್ತಲಿನ ಬಳೆಯಂಥ ಯಂತ್ರ ಹಿಡಿದು, ರೋಗ ಎಲ್ಲಿದೆ ಎಂದು ಚಿತ್ರ ಬರೆಯುತ್ತದೆ.

ಫ್ಲೋರಿನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷ. ಅಂದರೆ ಹೊರಟಾಗ 100 ಇದ್ದದ್ದು 110 ನಿಮಿಷಕ್ಕೆ 50, 220 ನಿಮಿಷಕ್ಕೆ 25. ಗಾಡಿ ಘಾಟಿನಲ್ಲಿ ಎರಡು ತಾಸು ನಿಂತರೆ ಅರ್ಧಕ್ಕಿಂತ ಹೆಚ್ಚು ಮಾಲು ಹೋಯಿತು. ಇಲ್ಲಿ ಕೆಡುವುದು ಪಾಸಿಟ್ರಾನ್ ಅಲ್ಲ, ಅದನ್ನು ಹೆರುವ ಪರಮಾಣು. ಅದರ ಗಡಿಯಾರವನ್ನು ಯಾವ ಡಬ್ಬಿಯೂ, ಯಾವ ಮಂಜುಗಡ್ಡೆಯೂ ನಿಲ್ಲಿಸಲಾರದು. ಅಲ್ಲದೆ ಆಸ್ಪತ್ರೆಗೆ ಬೇಕಾದದ್ದು ಮೈಯೊಳಗೆ ಹೋಗಿ, ಸರಿಯಾದ ಜಾಗದಲ್ಲಿ ಹುಟ್ಟುವ ಪಾಸಿಟ್ರಾನ್. ಮೊದಲೇ ಕೂಡಿಟ್ಟ ಪಾಸಿಟ್ರಾನನ್ನು ಸೂಜಿಯಲ್ಲಿ ತುಂಬಲಾಗದು. ಅದು ಸೂಜಿಯಲ್ಲೇ ಸಾಯುತ್ತದೆ.

ಆದ್ದರಿಂದ ಕಾಕಾನ ಔಷಧದ ಮಟ್ಟಿಗೆ ಉತ್ತರ "ಇಲ್ಲ". ಆದರೆ ಅವರು ಕೇಳಿದ್ದು ಕಣವನ್ನೇ ಹಿಡಿದು ಡಬ್ಬಿಯಲ್ಲಿ ಇಡಬಹುದೇ ಎಂದು. ಅದಕ್ಕೆ ಉತ್ತರ "ಹೌದು". ಹೇಗೆಂಬುದು ಮುಂದಿನದು.

೩. ಗೋಡೆಯಿಲ್ಲದ ಹಗೇವು

ನಮ್ಮ ಕಡೆ ಹಿಂದೆ ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ನೆಲದಲ್ಲಿ ಆಳವಾದ ಗುಂಡಿ, ಸುತ್ತ ಹುಲ್ಲು, ಮೇಲೆ ಬಾಯಿ ಮುಚ್ಚಿ ಮಣ್ಣು. ಕಾಳಿಗೆ ಗೋಡೆಯ ತೇವ ತಾಗಬಾರದೆಂದು ಆ ಹುಲ್ಲು. ಪಾಸಿಟ್ರಾನಿನ ಹಗೇವಿನಲ್ಲಿ ಹುಲ್ಲೂ ತಾಗಬಾರದು. ಹಾಗಾದರೆ ಗೋಡೆ ಯಾವುದರದು?

ಅಯಸ್ಕಾಂತ ಮತ್ತು ವಿದ್ಯುತ್ತಿನದು. ಒಂದು ಉದ್ದನೆಯ ಕೊಳವೆ, ಅದರ ಸುತ್ತ ತಂತಿಯ ಸುರುಳಿ. ಸುರುಳಿಯಲ್ಲಿ ವಿದ್ಯುತ್ ಹರಿದರೆ ಕೊಳವೆಯ ಉದ್ದಕ್ಕೂ ಕಾಂತಕ್ಷೇತ್ರ ನಿಲ್ಲುತ್ತದೆ. ಕಣ ಬದಿಗೆ ಹೋಗಲು ನೋಡಿದರೆ ಕಾಂತಕ್ಷೇತ್ರ ಅದನ್ನು ಸುತ್ತಿಸಿಬಿಡುತ್ತದೆ, ಗಾಣದ ಎತ್ತಿನಂತೆ ಸಣ್ಣ ಸುತ್ತು ಹಾಕುತ್ತ ಅಲ್ಲೇ ಇರುತ್ತದೆ. ಆದರೆ ಉದ್ದಕ್ಕೆ ಜಾರಿಹೋಗುವುದನ್ನು ಅಯಸ್ಕಾಂತ ತಡೆಯುವುದಿಲ್ಲ. ಅದಕ್ಕಾಗಿ ಎರಡು ತುದಿಗಳಲ್ಲಿ ಧನ ವಿದ್ಯುತ್ತಿನ ಲೋಹದ ಉಂಗುರ ಇಡುತ್ತಾರೆ. ಧನಕ್ಕೆ ಧನ ಆಗದು. ಕಣ ಹಿಂದಕ್ಕೆ ತಿರುಗುತ್ತದೆ. ಬದಿಗೆ ಅಯಸ್ಕಾಂತ, ತುದಿಗೆ ವಿದ್ಯುತ್. ಎರಡೂ ಬೇಕು, ಬರೇ ನಿಂತ ವಿದ್ಯುತ್ತಿನಿಂದ ಎಲ್ಲ ದಿಕ್ಕಿನಲ್ಲೂ ಹಿಡಿದಿಡಲು ಬರುವುದಿಲ್ಲ.

ಇದಕ್ಕೆ ಪೆನಿಂಗ್ ಬಲೆ ಎಂದು ಹೆಸರು. ಕೊಳವೆಯಾಕಾರದ ಬಗೆಯನ್ನು ಬೆಳೆಸಿದ ಜಾನ್ ಮಾಲ್ಮ್‌ಬರ್ಗರ ಹೆಸರನ್ನೂ ಜೊತೆಗೆ ಸೇರಿಸಿ ಹೇಳುತ್ತಾರೆ. ಪೆನಿಂಗ್ ಬಲೆಯಲ್ಲಿ ಒಂದೇ ಒಂದು ಎಲೆಕ್ಟ್ರಾನನ್ನು ಹಿಡಿದು ತೋರಿಸಿದ ಹ್ಯಾನ್ಸ್ ಡೆಮೆಲ್ಟರಿಗೆ 1989ರ ನೊಬೆಲ್‌ನಲ್ಲಿ ಪಾಲು ದೊರೆಯಿತು. ಒಳಗಿನ ಗಾಳಿಯನ್ನು ಪಂಪು ಹಚ್ಚಿ ಆದಷ್ಟೂ ತೆಗೆಯಬೇಕು. ಗಾಳಿಯ ಪ್ರತಿ ಅಣುವೂ ಎಲೆಕ್ಟ್ರಾನ್ ಹೊತ್ತ ಕಳ್ಳ.

೪. ಹಿಡಿಯುವ ಮೊದಲು ನಿಧಾನ

ಪಾಸಿಟ್ರಾನ್ ಎಲ್ಲಿಂದ ತರಬೇಕು? ಹೆಚ್ಚಿನ ಕಡೆ ಸೋಡಿಯಂ-22 ಎಂಬ ವಿಕಿರಣಶೀಲ ವಸ್ತುವಿನಿಂದ. ಅರ್ಧಾಯುಷ್ಯ 2.6 ವರ್ಷ, ಫ್ಲೋರಿನ್ನಿನಂತೆ ಒಂದೇ ಹಗಲಿನಲ್ಲಿ ಮುಗಿಯುವುದಿಲ್ಲ. ನೂರು ಪರಮಾಣು ಒಡೆದರೆ ಸುಮಾರು ತೊಂಬತ್ತು ಪಾಸಿಟ್ರಾನ್ ಕೊಡುತ್ತವೆ. ಪಾಲಿಮರ್‌ಗಳಲ್ಲಿ ಆಯುಸ್ಸು ಅಳೆಯುವವರಿಗೂ ಸಾಮಾನ್ಯವಾಗಿ ಇದೇ ಮೂಲ.

ಆದರೆ ಹಾಗೆ ಬರುವ ಪಾಸಿಟ್ರಾನುಗಳ ಶಕ್ತಿ ಐದು ಲಕ್ಷ ಎಲೆಕ್ಟ್ರಾನ್ ವೋಲ್ಟಿಗೂ ಮೇಲೆ ಹೋಗುತ್ತದೆ. ಬಲೆಯ ಅಂಚಿನ ಎತ್ತರ ಕೆಲವು ಹತ್ತು ವೋಲ್ಟು. ಓಡುವ ರೈಲನ್ನು ದಾರದಿಂದ ಕಟ್ಟಿದ ಹಾಗಾಯಿತು. ಆದ್ದರಿಂದ ಮೊದಲು ನಿಧಾನಿಸಬೇಕು. ನಿಯಾನ್ ಅನಿಲವನ್ನು ಗಟ್ಟಿಯಾಗುವಷ್ಟು ತಣ್ಣಗೆ ಮಾಡಿ, ಸೋಡಿಯಮ್ಮಿನ ಮುಂದೆ ತೆಳ್ಳಗೆ ಲೇಪಿಸುತ್ತಾರೆ. ಪಾಸಿಟ್ರಾನ್ ಅದರಲ್ಲಿ ಹೊಕ್ಕು, ತಾಗಿ ತಾಗಿ ಶಕ್ತಿ ಕಳೆದುಕೊಂಡು, ಕೆಲವೇ ಎಲೆಕ್ಟ್ರಾನ್ ವೋಲ್ಟಿನೊಡನೆ ಹೊರಬರುತ್ತದೆ. ಎಲ್ಲವೂ ಬರುವುದಿಲ್ಲ. ಬಹುಪಾಲು ಒಳಗೇ ಸಾಯುತ್ತವೆ. ಸಾವಿರಕ್ಕೆ ಕೆಲವು ಮಾತ್ರ ಉಳಿಯುತ್ತವೆ.

ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟೆ. ಸಾವಿರಕ್ಕೆ ಕೆಲವು! ಇಂಥ ವ್ಯಾಪಾರ ಯಾರು ಮಾಡುತ್ತಾರೆ? ಆದರೆ ವೇಗವಾಗಿ ಬಂದು ಕೈಗೆ ಸಿಗದೆ ಹೋಗುವ ಸಾವಿರಕ್ಕಿಂತ, ನಿಧಾನವಾಗಿ ಬಂದು ಉಳಿಯುವ ನಾಲ್ಕೇ ಲೇಸು. ಲೆಕ್ಕದಲ್ಲಿ ಇದು ಮುಂದೆ ಕಾಣುತ್ತದೆ.

೫. ವೈರಿಯನ್ನೇ ಕಾವಲಿಗಿಟ್ಟವರು

ಈಗ ನಿಜವಾದ ತೊಡಕು. ಬಟ್ಟಲಿನ ಅಂಚಿನಿಂದ ಒಂದು ಗೋಲಿ ಉರುಳಿಬಿಡಿ. ತಳಕ್ಕೆ ಬಂದು, ಅದೇ ವೇಗದಲ್ಲಿ ಎದುರಿನ ಅಂಚು ಹತ್ತುತ್ತದೆ. ತಿಕ್ಕಾಟ ಇಲ್ಲದಿದ್ದರೆ ಹೊರಗೆ ಹೋಗಿಯೇಬಿಡುತ್ತದೆ. ಪಾಸಿಟ್ರಾನಿಗೂ ಹಾಗೇ. ಒಳಗೆ ಬರಲು ಎಷ್ಟು ಶಕ್ತಿ ಬೇಕಿತ್ತೋ ಹೊರಗೆ ಹೋಗಲೂ ಅಷ್ಟೇ ಸಾಕು. ಗೋಲಿ ಒಳಗೆ ಉಳಿಯಬೇಕಾದರೆ ಒಳಗಿರುವಾಗಲೇ ಏನನ್ನಾದರೂ ಕಳೆದುಕೊಳ್ಳಬೇಕು.

ಬಾಗಿಲು ತೆರೆದು ಒಂದು ಗುಂಪನ್ನು ಒಳಬಿಟ್ಟು ಥಟ್ಟನೆ ಮುಚ್ಚಬಹುದು. ಆದರೆ ಮುಂದಿನ ಗುಂಪಿಗೆ ಬಾಗಿಲು ತೆರೆದರೆ ಮೊದಲಿನವು ಓಡಿಹೋಗುತ್ತವೆ. ಹೀಗೆ ಹಿಡಿಯಬಹುದು, ಕೂಡಿಡಲಾಗದು.

ಇದಕ್ಕೆ ಅಮೆರಿಕದ ಕ್ಲಿಫರ್ಡ್ ಸುರ್ಕೋ ಮತ್ತು ಸಂಗಡಿಗರು 1980ರ ದಶಕದಲ್ಲಿ ಕಂಡುಕೊಂಡ ಉಪಾಯ ಕೇಳಿದರೆ ಆಶ್ಚರ್ಯವಾಗುತ್ತದೆ. ಅವರು ಬಲೆಯೊಳಗೆ ಬೇಕೆಂದೇ ಸ್ವಲ್ಪ ನೈಟ್ರೋಜನ್ ಅನಿಲ ಬಿಟ್ಟರು. ಅಂದರೆ ಯಾವ ಗಾಳಿ ಪಾಸಿಟ್ರಾನನ್ನು ಕೊಲ್ಲುತ್ತದೆಯೋ ಅದರಲ್ಲೇ ಮುಖ್ಯವಾದ ಅನಿಲವನ್ನು!

ಯಾಕೆ? ಪಾಸಿಟ್ರಾನ್ ನೈಟ್ರೋಜನ್ ಅಣುವಿಗೆ ತಾಗಿದ ಕೂಡಲೇ ಸಾಯುವುದಿಲ್ಲ. ಹೆಚ್ಚಿನ ಸಲ ಬರೇ ಡಿಕ್ಕಿ. ಸುಮಾರು 9 ಎಲೆಕ್ಟ್ರಾನ್ ವೋಲ್ಟಿನ ಆಸುಪಾಸಿನಲ್ಲಿ ಡಿಕ್ಕಿಯಾದರೆ, ಅಣುವಿನೊಳಗಿನ ಎಲೆಕ್ಟ್ರಾನ್ ಮೇಲಿನ ಮೆಟ್ಟಿಲಿಗೆ ಏರುತ್ತದೆ, ಪಾಸಿಟ್ರಾನ್ ಅಷ್ಟು ಶಕ್ತಿ ಕಳೆದುಕೊಂಡು ಕೆಳಗೆ ಬೀಳುತ್ತದೆ. ಬೇಕಾದದ್ದು ಅದೇ. ಇನ್ನೊಂದು ಅಪಾಯ ಉಂಟು: ಪಾಸಿಟ್ರಾನ್ ಒಂದು ಎಲೆಕ್ಟ್ರಾನನ್ನು ಕಿತ್ತುಕೊಂಡು ಜೋಡಿಯಾಗಿ ಬಲೆಯಿಂದ ತಪ್ಪಿಸಿಕೊಂಡು ನಾಶವಾಗಬಹುದು. ನೈಟ್ರೋಜನ್ನಿನ ವಿಶೇಷ ಏನೆಂದರೆ, ಆ ಒಂದು ಸಣ್ಣ ಶಕ್ತಿಯ ಅಂತರದಲ್ಲಿ ಮೊದಲನೆಯದು ನಡೆಯುವ ಸಂಭವ ಎರಡನೆಯದಕ್ಕಿಂತ ಹೆಚ್ಚು. ಆದ್ದರಿಂದ ವಿದ್ಯುತ್ತಿನ ಮೆಟ್ಟಿಲುಗಳನ್ನು ಆ ಶಕ್ತಿಗೆ ಸರಿಯಾಗಿ ಅಳೆದು ಕಟ್ಟುತ್ತಾರೆ.

ಮೆಟ್ಟಿಲು ಮೂರು. ಮೊದಲ ಕೋಣೆ ಇಕ್ಕಟ್ಟು, ಅನಿಲ ಹೆಚ್ಚು. ಪಾಸಿಟ್ರಾನ್ ಒಂದು ಸಲ ಹೋಗಿಬರುವಷ್ಟರಲ್ಲಿ ಡಿಕ್ಕಿಯಾಗಲೇಬೇಕು, ಇಲ್ಲದಿದ್ದರೆ ಬಂದ ದಾರಿಯಲ್ಲೇ ಹೊರಟುಹೋಗುತ್ತದೆ. ಡಿಕ್ಕಿಯಾದ ಮೇಲೆ ಹೊರಗೆ ಹೋಗುವ ಶಕ್ತಿ ಅದಕ್ಕಿಲ್ಲ. ಎರಡನೆಯ ಕೋಣೆ ಅಗಲ, ಅನಿಲ ಕಡಿಮೆ, ವಿದ್ಯುತ್ತಿನ ತಳ ಇನ್ನೂ ಕೆಳಗೆ. ಮೂರನೆಯದು ಎಲ್ಲಕ್ಕಿಂತ ಆಳ. ಅಲ್ಲಿ ಅನಿಲ ಮೊದಲ ಕೋಣೆಯ ಸಾವಿರದ ಒಂದು ಭಾಗ. ಹೀಗೆ ಕೊಲ್ಲುವ ಅನಿಲ ಹೆಚ್ಚಿರುವಲ್ಲಿ ಪಾಸಿಟ್ರಾನ್ ಇರುವುದು ಕ್ಷಣಮಾತ್ರ. ಬಹುಕಾಲ ಇರುವುದು ಅನಿಲ ಇಲ್ಲದಂತಿರುವ ಕೋಣೆಯಲ್ಲಿ. ಬರುವವು ಬರುತ್ತಲೇ ಇರಬಹುದು, ಒಳಗಿದ್ದವು ಹೊರಗೆ ಹೋಗವು. ಒಳಬಂದ ನಿಧಾನದ ಪಾಸಿಟ್ರಾನುಗಳಲ್ಲಿ ನೂರಕ್ಕೆ 20-30 ಹೀಗೆ ಸಿಕ್ಕಿಬೀಳುತ್ತವೆ.

ಮೂರನೆಯ ಕೋಣೆಯಲ್ಲಿ ಇನ್ನೊಂದು ತಂಟೆ. ಅನಿಲಕ್ಕೆ ತಾಗುತ್ತ ಪಾಸಿಟ್ರಾನುಗಳ ಗುಂಪು ಮೆಲ್ಲಗೆ ಅಗಲವಾಗಿ ಗೋಡೆಯತ್ತ ಸರಿಯುತ್ತದೆ. ಅದನ್ನು ತಡೆಯಲು ಒಂದು ಲೋಹದ ಉಂಗುರವನ್ನು ಹೋಳು ಮಾಡಿ, ಹೋಳಿನಿಂದ ಹೋಳಿಗೆ ಸುತ್ತುವಂತೆ ವಿದ್ಯುತ್ ಕೊಡುತ್ತಾರೆ. ಈ "ತಿರುಗುವ ಗೋಡೆ" ಗುಂಪನ್ನು ಜೋರಾಗಿ ತಿರುಗಿಸುತ್ತದೆ. ಜೋರಾಗಿ ತಿರುಗಿದಷ್ಟೂ ಗುಂಪು ನಡುವಿಗೆ ಒತ್ತಿಕೊಳ್ಳುತ್ತದೆ. ಮಜ್ಜಿಗೆ ಕಡೆಯುವಾಗ ಆಗುವುದಕ್ಕೆ ಇದು ತಲೆಕೆಳಗು, ಅಲ್ಲಿ ತಿರುಗಿದಷ್ಟೂ ಹೊರಕ್ಕೆ ಸರಿಯುತ್ತದೆ. ಕಾಂತಕ್ಷೇತ್ರ ಇರುವುದರಿಂದ ಇಲ್ಲಿ ಹೀಗೆ.

೬. ಕೂಡಿಡುವ ಲೆಕ್ಕ

ಈಗ ನನ್ನ ಹೊಲಕ್ಕೆ ಬಂದೆ. ಒಂದು ಖಾತೆ ತೆರೆಯೋಣ. ಲೆಕ್ಕಕ್ಕೆ ಸುಲಭವಾಗಲೆಂದು ಅಂಕಿಗಳನ್ನು ನಾನೇ ಹಿಡಿದಿದ್ದೇನೆ. ನಿಜವಾದ ಯಂತ್ರಗಳ ಅಂಕಿಗಳೂ ಇದೇ ಆಸುಪಾಸಿನವು.

ಸೋಡಿಯಂ ಮೂಲದ ಬಲ 50 ಮಿಲಿಕ್ಯೂರಿ ಎನ್ನಿ. ಅಂದರೆ ಸೆಕೆಂಡಿಗೆ 185 ಕೋಟಿ ಪರಮಾಣು ಒಡೆಯುತ್ತವೆ.
ಅದರಿಂದ ಬರುವ ಪಾಸಿಟ್ರಾನ್, ನೂರಕ್ಕೆ 90ರಂತೆ: ಸುಮಾರು 166 ಕೋಟಿ.
ನಿಯಾನ್ ದಾಟಿ ನಿಧಾನವಾಗಿ ಬಂದದ್ದು, ಸಾವಿರಕ್ಕೆ 3ರಂತೆ: ಸುಮಾರು 50 ಲಕ್ಷ.
ಬಲೆಗೆ ಬಿದ್ದದ್ದು, ನೂರಕ್ಕೆ 25ರಂತೆ: ಸೆಕೆಂಡಿಗೆ ಸುಮಾರು 12.5 ಲಕ್ಷ.

ಇದು ಜಮೆ. ಗಂಟೆಗೆ 450 ಕೋಟಿ ಆಗಬೇಕಲ್ಲ? ಆಗುವುದಿಲ್ಲ, ಖರ್ಚಿನ ಬದಿ ಇದೆ. ಮೂರನೆಯ ಕೋಣೆಯಲ್ಲೂ ಅನಿಲ ಸ್ವಲ್ಪ ಇದ್ದೇ ಇದೆ. ಅಲ್ಲಿ ಒಂದು ಪಾಸಿಟ್ರಾನಿನ ಸರಾಸರಿ ಆಯುಸ್ಸು 100 ಸೆಕೆಂಡು ಎನ್ನಿ. ಆಗ ಪ್ರತಿ ಸೆಕೆಂಡಿಗೆ ಇದ್ದದ್ದರಲ್ಲಿ ನೂರಕ್ಕೆ ಒಂದು ಸಾಯುತ್ತದೆ. ಖಾತೆ ಖಾಲಿ ಇದ್ದಾಗ ಖರ್ಚು ಸೊನ್ನೆ. ತುಂಬಿದಂತೆಲ್ಲ ಖರ್ಚು ಏರುತ್ತದೆ. 12.5 ಕೋಟಿ ಕೂಡಿದಾಗ ಅದರ ನೂರರ ಒಂದು ಭಾಗ 12.5 ಲಕ್ಷ. ಅಂದರೆ ಬಂದಷ್ಟೂ ಹೋಯಿತು. ಇನ್ನು ಎಷ್ಟು ಹೊತ್ತು ಕಾದರೂ ಶಿಲ್ಕು ಏರುವುದಿಲ್ಲ.

ಸೂತ್ರ ಇಷ್ಟೇ: ಹೆಚ್ಚೆಂದರೆ ಕೂಡುವ ಮೊತ್ತ = ಸೆಕೆಂಡಿನ ಜಮೆ × ಸರಾಸರಿ ಆಯುಸ್ಸು. 100 ಸೆಕೆಂಡಿಗೆ ಈ ಮೊತ್ತದ ನೂರಕ್ಕೆ 63, 200 ಸೆಕೆಂಡಿಗೆ 86, 300 ಸೆಕೆಂಡಿಗೆ 95 ತುಂಬಿರುತ್ತದೆ. ಆಮೇಲೆ ಕಾಯುವುದು ದಂಡ.

ಎರಡರಷ್ಟು ಬೇಕಾದರೆ ಎರಡು ದಾರಿ. ಸೋಡಿಯಂ ಎರಡರಷ್ಟು ತರಬೇಕು. ಅದು ದುಬಾರಿ, ಅಪಾಯ, ಮೇಲಾಗಿ 2.6 ವರ್ಷಕ್ಕೆ ಅರ್ಧವಾಗುವ ಬಂಡವಾಳ. ಇಲ್ಲವೇ ಸೋರಿಕೆಯನ್ನು ಅರ್ಧ ಮಾಡಬೇಕು. ಜಗತ್ತಿನ ಪಾಸಿಟ್ರಾನ್ ಬಲೆಗಳ ಇತಿಹಾಸದ ಬಹುಭಾಗ ಈ ಎರಡನೆಯ ದಾರಿಯದು. ಕೂಡಿಡುವುದೆಂದರೆ ಹೆಚ್ಚು ತರುವುದಲ್ಲ, ಕಡಿಮೆ ಕಳೆದುಕೊಳ್ಳುವುದು. ಬಾಳೆಹಣ್ಣಿನ ವ್ಯಾಪಾರಕ್ಕೂ ಇದೇ ಸೂತ್ರ ಎಂದು ಆ ರಾತ್ರಿ ಕಾಕಾನಿಗೆ ಹೇಳಿದಾಗ, "ಇದನ್ನ ಕಲ್ಯಾಕ ಕಾಲೇಜಿಗೆ ಹೋಗಬೇಕೇನೋ? ನಮ್ಮಪ್ಪ ಹೇಳತಿದ್ದ" ಎಂದು ನಕ್ಕರು.

ಸೋರಿಕೆ ತಡೆಯುವ ದೊಡ್ಡ ಉಪಾಯವೆಂದರೆ ಎರಡನೆಯ ಉಗ್ರಾಣ. ಮೂರನೆಯ ಕೋಣೆ ತುಂಬುತ್ತ ಬಂದಾಗ ಅನಿಲ ಹೊರಗೆ ಹಾಕಿ, ಇಡೀ ಗುಂಪನ್ನು ಇನ್ನೊಂದು ಬಲೆಗೆ ತಳ್ಳುತ್ತಾರೆ. ಅಲ್ಲಿ ಅನಿಲ ಬಹುತೇಕ ಇಲ್ಲವೇ ಇಲ್ಲ, ಚಳಿ ಅತಿ ಹೆಚ್ಚು, ಕಾಂತಕ್ಷೇತ್ರ ಎಂಆರ್‌ಐ ಯಂತ್ರದಷ್ಟು ಬಲವಾದದ್ದು. ಮತ್ತೆ ಮೊದಲ ಬಲೆ ತುಂಬಿಸಿ ಮತ್ತೆ ತಳ್ಳುವುದು. ದಿನದ ಗಲ್ಲೆಯನ್ನು ಸಂಜೆಗೆ ಬ್ಯಾಂಕಿಗೆ ಕಟ್ಟಿದ ಹಾಗೆ. ಜಿನೀವಾ ಹತ್ತಿರದ ಸರ್ನ್ ಪ್ರಯೋಗಶಾಲೆಯಲ್ಲಿ ಅಥೀನಾ ಎಂಬ ತಂಡ ಸುಮಾರು 5 ನಿಮಿಷಕ್ಕೊಮ್ಮೆ 15 ಕೋಟಿಯಷ್ಟು ಪಾಸಿಟ್ರಾನ್ ಕೂಡಿಸುತ್ತಿತ್ತು. ಅವನ್ನು 3 ಟೆಸ್ಲಾದ, ಸೊನ್ನೆಗಿಂತ 258 ಡಿಗ್ರಿ ಕೆಳಗಿನ ಉಗ್ರಾಣಕ್ಕೆ ಮತ್ತೆ ಮತ್ತೆ ಸಾಗಿಸಿ 120 ಕೋಟಿಗೂ ಹೆಚ್ಚು ಒಂದೇ ಕಡೆ ಕೂಡಿಸಿದ್ದನ್ನು 2005ರಲ್ಲಿ ಪ್ರಕಟಿಸಿದರು.

ಇಷ್ಟು ಕೂಡಿಟ್ಟರೆ ಬಾಂಬು ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿದೆ. 15 ಕೋಟಿ ಪಾಸಿಟ್ರಾನ್ ಒಮ್ಮೆಗೇ ನಾಶವಾದರೆ ಹೊರಡುವ ಶಕ್ತಿ, ಒಂದು ಜೋಳದ ಕಾಳು ನಾಲ್ಕು ಬೆರಳಿನ ಎತ್ತರದಿಂದ ನೆಲಕ್ಕೆ ಬಿದ್ದಷ್ಟು. ಹೆದರಬೇಕಾಗಿಲ್ಲ.

೭. ಕೂಡಿಟ್ಟು ಮಾಡುವುದೇನು?

ಹೈಡ್ರೋಜನ್ ಎಂದರೆ ಒಂದು ಪ್ರೋಟಾನ್, ಒಂದು ಎಲೆಕ್ಟ್ರಾನ್. ಪ್ರತಿಪ್ರೋಟಾನಿಗೆ ಪಾಸಿಟ್ರಾನ್ ಸೇರಿಸಿದರೆ ಪ್ರತಿಹೈಡ್ರೋಜನ್. 2002ರಲ್ಲಿ ಅಥೀನಾ ತಂಡ ಇಂಥ ತಣ್ಣನೆಯ ಪರಮಾಣುಗಳನ್ನು ಸಾವಿರಗಟ್ಟಲೆ ಮಾಡಿತು. 2010ರಲ್ಲಿ ಆಲ್ಫಾ ತಂಡ ಅಂಥ 38 ಪರಮಾಣುಗಳನ್ನು ಸೆಕೆಂಡಿನ ಆರನೆಯ ಒಂದು ಭಾಗದಷ್ಟು ಹೊತ್ತು ಹಿಡಿದಿಟ್ಟಿತು; 2011ರಲ್ಲಿ ಆ ಅವಧಿ 1000 ಸೆಕೆಂಡಿಗೆ ಏರಿತು. 2016ರಲ್ಲಿ ಲೇಸರ್ ಬೆಳಕಿನಿಂದ ಅದರ ಬಣ್ಣ ಪರೀಕ್ಷಿಸಿದರು. 2023ರಲ್ಲಿ, ಬಿಟ್ಟರೆ ಅದು ಮೇಲಕ್ಕೆ ಹೋಗುತ್ತದೋ ಕೆಳಕ್ಕೆ ಬೀಳುತ್ತದೋ ಎಂದು ನೋಡಿದರು. ನಮ್ಮ ಬಾಳೆಗೊನೆಯಂತೆ ಅದೂ ಕೆಳಕ್ಕೇ ಬಿತ್ತು.

ಇದನ್ನೆಲ್ಲ ಯಾಕೆ ನೋಡಬೇಕು? ಸೃಷ್ಟಿಯ ಆರಂಭದಲ್ಲಿ ವಸ್ತುವೂ ಪ್ರತಿವಸ್ತುವೂ ಸಮವಾಗಿ ಹುಟ್ಟಿದ್ದರೆ ಎಲ್ಲವೂ ಚುಕ್ತಾ ಆಗಿ, ಬರೇ ಬೆಳಕು ಉಳಿಯಬೇಕಿತ್ತು. ಆದರೆ ನಾವಿದ್ದೇವೆ, ಪುಣೆ ಇದೆ, ಬಾಳೆಹಣ್ಣಿದೆ. ಜಗತ್ತಿನ ತಾಳೆಪಟ್ಟಿ ತಾಳೆಯಾಗುತ್ತಿಲ್ಲ. ಎಲ್ಲೋ ಒಂದು ನಮೂದು ತಪ್ಪಿದೆ. ಆ ತಪ್ಪು ಹುಡುಕಲು ಎರಡೂ ಖಾತೆಗಳನ್ನು ಪೈಸೆಗೆ ಪೈಸೆ ಹೋಲಿಸಬೇಕು. ಹೋಲಿಸಲು ಪ್ರತಿಪರಮಾಣು ಬೇಕು, ಅದಕ್ಕೆ ಕೂಡಿಟ್ಟ ತಣ್ಣನೆಯ ಪಾಸಿಟ್ರಾನ್ ಬೇಕು. 2025ರಲ್ಲಿ ಆಲ್ಫಾ ತಂಡದವರು ಪಾಸಿಟ್ರಾನುಗಳ ಜೊತೆ ಲೇಸರಿನಿಂದ ತಣಿಸಿದ ಬೆರಿಲಿಯಂ ಅಯಾನುಗಳನ್ನು ಇಟ್ಟು, ಅವುಗಳ ತಂಪಿನಿಂದ ಇವನ್ನೂ ತಣಿಸಿ, ಏಳು ತಾಸಿನೊಳಗೆ 15 ಸಾವಿರಕ್ಕೂ ಹೆಚ್ಚು ಪ್ರತಿಹೈಡ್ರೋಜನ್ ಕೂಡಿಹಾಕಿದರು. 38ರಿಂದ 15 ಸಾವಿರಕ್ಕೆ ಬಂದ ದಾರಿಯಲ್ಲಿ ತಣಿಸುವುದು, ಸೋರದಂತೆ ನೋಡಿಕೊಳ್ಳುವುದು, ಇವೇ ದೊಡ್ಡ ಹೆಜ್ಜೆಗಳು.

ಕಾಕಾನಿಗೆ ಇನ್ನೊಂದು ಸುದ್ದಿಯನ್ನೂ ಹೇಳಿದೆ. 2024ರ ಅಕ್ಟೋಬರಿನಲ್ಲಿ ಸರ್ನ್‌ನಲ್ಲಿ 70 ಪ್ರೋಟಾನುಗಳನ್ನು ಇಂಥದೇ ಪೆನಿಂಗ್ ಬಲೆಯಲ್ಲಿ ತುಂಬಿ, ಲಾರಿಯ ಮೇಲೇರಿಸಿ, ಪ್ರಯೋಗಶಾಲೆಯ ಆವರಣದಲ್ಲಿ ಸುತ್ತಾಡಿಸಿ, ಒಂದೂ ಕಳೆಯದೆ ಹಿಂದೆ ತಂದರು. ಮುಂದೆ ಪ್ರತಿಕಣಗಳನ್ನು ಹೀಗೆಯೇ ಸಾಗಿಸಬೇಕೆಂಬುದು ಉದ್ದೇಶ.

"ಅಂದ್ರ ಲಾರ್‍ಯಾಗ ಒಯ್ಯಾಕ ಬರ್ತೈತಿ ಅನ್ನು."

"ಬರ್ತದ ಕಾಕಾ."

"ಘಾಟಿನ್ಯಾಗ ನಿಂತ್ರೂ ಕೆಡೂದಿಲ್ಲ?"

"ಬಲಿಗೆ ಕರೆಂಟು, ತಂಪು ಇರೂತನಕ ಕೆಡೂದಿಲ್ಲ."

"ಹಂಗಾದ್ರ ನಾ ಕೇಳಿದ್ದು ತಪ್ಪೇನಲ್ಲ," ಎಂದರು ಕಾಕಾ. ಮರುದಿನ ಅವರ ಸ್ಕ್ಯಾನ್ ಆಯಿತು. ಈಗ ಔಷಧೋಪಚಾರ ನಡೆದಿದೆ; ವಾರಕ್ಕೆ ಮೂರು ದಿನ ಯಾರ್ಡಿಗೂ ಹೋಗುತ್ತಾರೆ.

ಅವರು ಕೇಳಿದ್ದು ತಪ್ಪಲ್ಲ, ಕೇಳಿದ ಭಾಷೆಯೂ ತಪ್ಪಲ್ಲ. ಈ ಪಾಠವನ್ನು ಅಚ್ಚಿಗೆ ಕೊಡುವ ಮೊದಲು ಆ ವಿಜ್ಞಾನದ ಗೆಳೆಯನಿಗೆ ಓದಿ ಹೇಳಿದೆ. ಎರಡು ಕಡೆ ತಿದ್ದಿದ. ಕನ್ನಡದ ವಿಚಾರ ಮಾತ್ರ ಏನೂ ಅನ್ನಲಿಲ್ಲ. ಇನ್ನೂ ತಪ್ಪು ಉಳಿದಿದ್ದರೆ ವಾಚಕರು ತಿದ್ದಬೇಕು. ಮುಂದಿನ ಸಂಚಿಕೆಯಲ್ಲಿ ನಮೂದಿಸುತ್ತೇನೆ.

ಅಭ್ಯಾಸಕ್ಕೆ

೧. ಒಂದು ಬಲೆಗೆ ಸೆಕೆಂಡಿಗೆ 5 ಲಕ್ಷ ಪಾಸಿಟ್ರಾನ್ ಬೀಳುತ್ತವೆ, ಸರಾಸರಿ ಆಯುಸ್ಸು 60 ಸೆಕೆಂಡು. ಹೆಚ್ಚೆಂದರೆ ಎಷ್ಟು ಕೂಡಿಡಬಹುದು? (ಉತ್ತರ: 3 ಕೋಟಿ)
೨. ಫ್ಲೋರಿನ್-18 ಔಷಧ ಬೆಳಿಗ್ಗೆ 6 ಗಂಟೆಗೆ 80 ಪಾಲು ಇತ್ತು. 11 ಗಂಟೆ 30 ನಿಮಿಷಕ್ಕೆ ಎಷ್ಟು ಉಳಿದಿರುತ್ತದೆ? (ಉತ್ತರ: 10 ಪಾಲು)
೩. ಪಾಸಿಟ್ರಾನನ್ನು ಕೊಲ್ಲುವ ಅನಿಲವನ್ನೇ ಬಲೆಯೊಳಗೆ ಬಿಡುವುದೇಕೆ? ನಿಮ್ಮ ಮನೆಯವರಿಗೆ, ಮನೆಮಾತಿನಲ್ಲೇ ವಿವರಿಸಿ ನೋಡಿ.